ಕಮ್ಯೂನಿಟಿ ಕಾಲೇಜಿನ ಕ್ರೆಡಿಟ್ ವರ್ಗಾವಣೆ: ಪೋಷಕರಿಗೆ ಪೂರ್ಣ ಲೆಕ್ಕ ತಿಳಿಯಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ಕನ್ನಡ ಪತ್ರಿಕೆಗಳಲ್ಲಿ ವಿದೇಶ ವ್ಯಾಸಂಗದ ಲೇಖನಗಳೂ ಜಾಹೀರಾತುಗಳೂ ಹೆಚ್ಚಾಗುತ್ತವೆ. ಅಮೆರಿಕದ ಕಮ್ಯೂನಿಟಿ ಕಾಲೇಜೊಂದರಲ್ಲಿ ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಓದಿ, ಅಲ್ಲಿ ಪಾಸಾದ ಕೋರ್ಸುಗಳಿಗೆ ಸಿಗುವ ಕ್ರೆಡಿಟ್‌ಗಳೊಂದಿಗೆ ನಾಲ್ಕು ವರ್ಷದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬ ಸಲಹೆ ಅವುಗಳಲ್ಲಿ ಆಗಾಗ ಕಾಣಿಸುತ್ತದೆ. ಸಲಹೆಯಲ್ಲಿ ಸುಳ್ಳೇನೂ ಇಲ್ಲ. ಕ್ಯಾಲಿಫೋರ್ನಿಯಾದ ಇಂಥದೇ ಒಂದು ಕಾಲೇಜಿನಲ್ಲಿ ಹಲವು ವರ್ಷಗಳಿಂದ ಗಣಿತ ಕಲಿಸುತ್ತಿರುವ ನಾನು, ಈ ದಾರಿಯಲ್ಲಿ ನಡೆದು ಬರ್ಕ್ಲಿ, ಡೇವಿಸ್, ಸ್ಯಾನ್ ಹೊಸೆ ಸ್ಟೇಟ್ ವಿಶ್ವವಿದ್ಯಾಲಯಗಳಿಗೆ ಸೇರಿ ಒಳ್ಳೆಯ ಪದವಿ ಪಡೆದವರನ್ನು ಕಣ್ಣಾರೆ ಕಂಡಿದ್ದೇನೆ, ಕಮ್ಯೂನಿಟಿ ಕಾಲೇಜೆಂದರೆ ಕೀಳು ಎಂದು ಮೂಗು ಮುರಿಯುವವರ ಮಾತನ್ನು ಒಪ್ಪುವುದೂ ಇಲ್ಲ. ಆದರೆ ಆ ಸಲಹೆ ಅರ್ಧ ಮಾತನ್ನಷ್ಟೇ ಹೇಳುತ್ತದೆ. ವಿಶ್ವವಿದ್ಯಾಲಯವು ಒಂದು ಕ್ರೆಡಿಟ್ಟನ್ನು ಸ್ವೀಕರಿಸುವುದು ಬೇರೆ, ಆ ಕ್ರೆಡಿಟ್ ವಿದ್ಯಾರ್ಥಿ ಪಡೆಯಬೇಕೆಂದಿರುವ ಪದವಿಯ ಕಡ್ಡಾಯ ವಿಷಯಕ್ಕೆ ಸಮವೆಂದು ಲೆಕ್ಕಕ್ಕೆ ಬರುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿಯೇ ಎಷ್ಟೋ ಕುಟುಂಬಗಳ ಒಂದು ವರ್ಷದ ಕಾಲವೂ ಕೂಡಿಟ್ಟ ಹಣವೂ ಕರಗಿಹೋಗುತ್ತಿವೆ. ಇದನ್ನು ಪೋಷಕರಿಗೆ ಮೊದಲೇ ತಿಳಿಸುವವರು ಬಹಳ ಕಡಿಮೆ ಎಂಬ ಕಾರಣಕ್ಕೆ ಈ ಪತ್ರ.

ನಮ್ಮ ಕಡೆಯ ಪೋಷಕರು ಹೀಗೆ ತಪ್ಪು ತಿಳಿಯಲು ಸಹಜವಾದ ಕಾರಣವೊಂದಿದೆ. ಕರ್ನಾಟಕದಲ್ಲಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ ವಿದ್ಯಾರ್ಥಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಪಡೆದು, ಬಿ.ಇ.ಯ ಎರಡನೇ ವರ್ಷಕ್ಕೆ ನೇರ ಸೇರುತ್ತಾನೆ. ಡಿಪ್ಲೊಮಾದಲ್ಲಿ ಅವನು ಓದಿದ ಪ್ರತಿ ವಿಷಯವನ್ನೂ ಬಿ.ಇ. ಮೊದಲ ವರ್ಷದ ಪ್ರತಿ ವಿಷಯದ ಪಕ್ಕದಲ್ಲಿಟ್ಟು ಯಾರೂ ತೂಗಿ ನೋಡುವುದಿಲ್ಲ, ಇಡೀ ಡಿಪ್ಲೊಮಾವನ್ನು ಒಂದೇ ಗಂಟಾಗಿ ಒಪ್ಪಿಕೊಳ್ಳುತ್ತಾರೆ, ಹೆಚ್ಚೆಂದರೆ ಗಣಿತದ ಪೂರಕ ಪಠ್ಯವೊಂದನ್ನು ಅವನು ಓದಬೇಕಾದೀತು. ಈ ವ್ಯವಸ್ಥೆ ಕಂಡು ಬೆಳೆದವರಿಗೆ ಅಮೆರಿಕದ ವರ್ಗಾವಣೆಯೂ ಹಾಗೆಯೇ ಇರಬೇಕೆಂದು ತೋರಿದರೆ ಅದರಲ್ಲಿ ಅಚ್ಚರಿಯಿಲ್ಲ. ಅಲ್ಲಿ ಮಾತ್ರ ಬಹುತೇಕ ಸಂದರ್ಭಗಳಲ್ಲಿ ವರ್ಗಾವಣೆ ನಡೆಯುವುದು ವಿಷಯದಿಂದ ವಿಷಯಕ್ಕೆ. ಕ್ಯಾಲ್ಕುಲಸ್‌ಗೆ ಕ್ಯಾಲ್ಕುಲಸ್, ಭೌತಶಾಸ್ತ್ರಕ್ಕೆ ಭೌತಶಾಸ್ತ್ರ ಎಂದು ಒಂದೊಂದನ್ನೂ ಹೊಂದಿಸಿ ನೋಡಿ, ಹೊಂದಿದ್ದನ್ನು ಪದವಿಗೆ ಸೇರಿಸಿ, ಹೊಂದದ್ದನ್ನು ಐಚ್ಛಿಕದ ಖಾನೆಗೆ ತಳ್ಳುತ್ತಾರೆ.

ಇಡೀ ದೇಶಕ್ಕೆ ಅನ್ವಯಿಸುವ ಒಂದು ನಿಯಮವೂ ಅಲ್ಲಿಲ್ಲ, ಎಲ್ಲರ ಮೇಲೆ ಅಧಿಕಾರವಿರುವ ಒಂದು ಮಂಡಳಿಯೂ ಇಲ್ಲ. ಕಾಲೇಜಿಗೆ ಮಾನ್ಯತೆಯಿದ್ದರೆ ಸಾಕು ಎಂದು ಕೆಲವು ಸಲಹೆಗಾರರು ಹೇಳುವುದುಂಟು. ಮಾನ್ಯತೆಯಿಲ್ಲದ ಕಾಲೇಜಿನ ಕ್ರೆಡಿಟ್‌ಗೆ ಬೆಲೆಯಿಲ್ಲ ಎಂಬುದು ನಿಜವಾದರೂ, ಮಾನ್ಯತೆಯಿರುವ ಕಾಲೇಜಿನ ಕ್ರೆಡಿಟ್ಟನ್ನು ಯಾವ ವಿಷಯಕ್ಕೆ ಸಮವೆಂದು ಹಿಡಿಯಬೇಕು ಎನ್ನುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯದ, ಎಷ್ಟೋ ಸಲ ಆಯಾ ವಿಭಾಗದ, ತೀರ್ಮಾನ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2017ರಲ್ಲಿ ನೀಡಿದ ವರದಿಯ ಪ್ರಕಾರ, 2004ರಿಂದ 2009ರವರೆಗಿನ ಅವಧಿಯಲ್ಲಿ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ತಾವು ಗಳಿಸಿದ್ದ ಕ್ರೆಡಿಟ್‌ಗಳಲ್ಲಿ ಸರಾಸರಿ ಶೇ 43ರಷ್ಟನ್ನು ಕಳೆದುಕೊಂಡಿದ್ದರು. ಈ ಅಂಕಿಯಲ್ಲಿ ಎಲ್ಲ ಬಗೆಯ ಕಾಲೇಜುಗಳ ನಡುವಿನ ವರ್ಗಾವಣೆಯೂ ಸೇರಿದೆ, ಕಮ್ಯೂನಿಟಿ ಕಾಲೇಜಿನಿಂದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವವರ ನಷ್ಟ ಇದಕ್ಕಿಂತ ಕಡಿಮೆಯಿರುತ್ತದೆ. ಅಲ್ಲಿಯೇ ಹುಟ್ಟಿ ಬೆಳೆದು, ಅಲ್ಲಿನ ಕ್ರಮ ಬಲ್ಲವರ ಪಾಡೇ ಹೀಗಿದ್ದಮೇಲೆ ಹಾಸನದಿಂದಲೋ ದಾವಣಗೆರೆಯಿಂದಲೋ ಹೊಸದಾಗಿ ಬಂದಿಳಿದ ಹದಿನೆಂಟರ ಹುಡುಗಿಯ ಪಾಡೇನು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ನನಗೆ ಚೆನ್ನಾಗಿ ಗೊತ್ತಿರುವುದು ಕ್ಯಾಲಿಫೋರ್ನಿಯಾ. 1960ರ ಮಾಸ್ಟರ್ ಪ್ಲಾನ್ ಈ ರಾಜ್ಯದ ಸರ್ಕಾರಿ ಉನ್ನತ ಶಿಕ್ಷಣವನ್ನು ಮೂರು ಅಂತಸ್ತುಗಳಾಗಿ ವಿಂಗಡಿಸಿತು: ಸಂಶೋಧನೆಗೆ ಹೆಸರಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬೋಧನೆಗೆ ಒತ್ತು ಕೊಡುವ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಎಲ್ಲರಿಗೂ ಬಾಗಿಲು ತೆರೆದಿರುವ ಕಮ್ಯೂನಿಟಿ ಕಾಲೇಜುಗಳು. ಈಗ ಆ ಕಾಲೇಜುಗಳ ಸಂಖ್ಯೆ 116. ಕೆಳಗಿನ ಅಂತಸ್ತಿನಲ್ಲಿ ಎರಡು ವರ್ಷ ಓದಿದವರು ಮೇಲಿನ ಎರಡರಲ್ಲಿ ಒಂದಕ್ಕೆ ಏರಬಹುದೆಂಬುದು ಆ ಯೋಜನೆಯ ಮೂಲದಲ್ಲಿಯೇ ಇತ್ತು, ಆದ್ದರಿಂದ ವರ್ಗಾವಣೆಯಾಗಿ ಬರುವವರನ್ನು ಮೇಲಿನ ವಿಶ್ವವಿದ್ಯಾಲಯಗಳು ಇಲ್ಲಿ ಹಂಗಿನವರಂತೆ ನೋಡುವುದಿಲ್ಲ. ಯಾವ ಕಾಲೇಜಿನ ಯಾವ ಕೋರ್ಸು ಯಾವ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಎಂಬ ಒಪ್ಪಂದಗಳನ್ನೆಲ್ಲ ಅಸಿಸ್ಟ್ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮಗುವನ್ನು ಅಮೆರಿಕಕ್ಕೆ ಕಳಿಸುವ ಯೋಚನೆಯಿರುವ ತಂದೆ ತಾಯಿ, ಶುಲ್ಕದ ಮೊದಲ ಕಂತು ಕಟ್ಟುವುದಕ್ಕೂ ಮುಂಚೆ, ತಮ್ಮ ಮನೆಯಲ್ಲಿಯೇ ಕುಳಿತು ಈ ತಾಣವನ್ನು ತೆರೆದು ನೋಡಬಹುದು, ನೋಡಲೇಬೇಕು.

ಅಲ್ಲಿ ಕಮ್ಯೂನಿಟಿ ಕಾಲೇಜಿನ ಹೆಸರು, ಮುಂದೆ ಸೇರಬೇಕೆಂದಿರುವ ಕ್ಯಾಂಪಸ್, ಶೈಕ್ಷಣಿಕ ವರ್ಷ ಮತ್ತು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಆರಿಸಿದರೆ ಪುಟ ಎರಡು ಕಾಲಂಗಳಾಗಿ ತೆರೆದುಕೊಳ್ಳುತ್ತದೆ. ಒಂದು ಕಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸುಗಳಿರುತ್ತವೆ, ಇನ್ನೊಂದು ಕಡೆ ಅವಕ್ಕೆ ಸಮವೆನಿಸುವ ಕಮ್ಯೂನಿಟಿ ಕಾಲೇಜಿನ ಕೋರ್ಸುಗಳು. ಕೆಲವು ಸಾಲುಗಳಲ್ಲಿ ಕೋರ್ಸಿನ ಬದಲು 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂಬ ಮಾತು ಕಾಣುತ್ತದೆ, ಅಂದರೆ ಆ ಕಾಲೇಜಿನ ಯಾವ ಕೋರ್ಸೂ ಅಲ್ಲಿ ಸಲ್ಲುವುದಿಲ್ಲ. ಅಂಥ ಸಾಲುಗಳು ಎಷ್ಟಿವೆ ಎಂದು ಎಣಿಸಿ ನೋಡಿದರೆ, ಆ ಕಾಲೇಜು ನಿಮ್ಮ ಮಗುವಿನ ಗುರಿಗೆ ತಕ್ಕುದೇ ಅಲ್ಲವೇ ಎಂಬುದು ಯಾವ ಏಜೆಂಟರ ನೆರವೂ ಇಲ್ಲದೆ ತಿಳಿದುಹೋಗುತ್ತದೆ. ಒಂದೇ ಊರಿನ ಆಸುಪಾಸಿನ ಎರಡು ಕಾಲೇಜುಗಳಲ್ಲಿ ಒಂದರಲ್ಲಿ ಎಲ್ಲ ಸಾಲುಗಳೂ ತುಂಬಿದ್ದು, ಇನ್ನೊಂದರಲ್ಲಿ ಮುಖ್ಯವಾದ ಒಂದೆರಡು ಖಾಲಿಯಿರುವುದು ಅಪರೂಪವಲ್ಲ.

ಈಚೆಗೆ ಕರ್ನಾಟಕದಿಂದ ಬಂದ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯ ಕಳಿಸಿದ್ದ ಕ್ರೆಡಿಟ್ ಮೌಲ್ಯಮಾಪನದ ಹಾಳೆಯನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದಿದ್ದ. ಹಾಳೆಯ ಮೇಲ್ಭಾಗದಲ್ಲಿ ಅವನು ಓದಿದ ಎಲ್ಲ ಯೂನಿಟ್‌ಗಳೂ (ಕ್ರೆಡಿಟ್ಟಿಗೆ ಇಲ್ಲಿನ ಹೆಸರು) ಸ್ವೀಕೃತವಾಗಿವೆ ಎಂದಿತ್ತು. ಕೆಳಗೆ, ಕಂಪ್ಯೂಟರ್ ಸೈನ್ಸ್ ಪದವಿಗೆ ಬೇಕಾದ ವಿಷಯಗಳ ಪಟ್ಟಿಯಲ್ಲಿ, ಗಣಿತದ ಮುಂದೆಯೂ ಭೌತಶಾಸ್ತ್ರದ ಮುಂದೆಯೂ 'ಪೂರೈಸಿಲ್ಲ' ಎಂದಿತ್ತು. ಅವನು ಓದಿದ್ದು ವಾಣಿಜ್ಯ ವಿದ್ಯಾರ್ಥಿಗಳಿಗೆಂದು ರೂಪಿಸಿದ ಒಂದೇ ಅವಧಿಯ ಕ್ಯಾಲ್ಕುಲಸ್ ಮತ್ತು ಕ್ಯಾಲ್ಕುಲಸ್ ಬಳಸದ, ಬೀಜಗಣಿತದ ಮಟ್ಟದ ಭೌತಶಾಸ್ತ್ರ. ಎರಡೂ ಮಾನ್ಯ ಕೋರ್ಸುಗಳೇ, ಎರಡರಲ್ಲೂ ಅವನಿಗೆ ಎ ಶ್ರೇಣಿ ಬಂದಿತ್ತು. ಆದರೆ ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಭಾಗಗಳು ಕೇಳುವುದು ಬೇರೆಯದೇ ಆದ, ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ ಸರಣಿಯನ್ನು. 'ಯಾವ ಗಣಿತವಾದರೂ ಆಗುತ್ತದೆ, ಶ್ರೇಣಿ ಚೆನ್ನಾಗಿರಲಿ' ಎಂದು ಅವನನ್ನು ಕಳಿಸಿದ ಸಲಹೆಗಾರರು ಹೇಳಿದ್ದರಂತೆ. ಆ ಹುಡುಗನ ಶ್ರದ್ಧೆಯಲ್ಲಿ ಏನೇನೂ ಕೊರತೆಯಿರಲಿಲ್ಲ, ಹೀಗಿದ್ದೂ ಹೊಸದಾಗಿ ಕ್ಯಾಲ್ಕುಲಸ್ ಸರಣಿಯ ಮೊದಲ ತರಗತಿಯಲ್ಲಿ ಕೂರಬೇಕಾಯಿತು. ಇಂಥದ್ದನ್ನು ನೋಡುವಾಗ ನನಗಾಗುವ ಸಂಕಟ ದೊಡ್ಡದು, ಏಕೆಂದರೆ ಮೊದಲ ದಿನವೇ ಹತ್ತು ನಿಮಿಷ ಆ ಎರಡು ಕಾಲಂಗಳ ಪುಟವನ್ನು ನೋಡಿದ್ದರೆ ಇದು ತಪ್ಪುತ್ತಿತ್ತು.

ಇನ್ನೊಂದು ಬಗೆಯ ನಷ್ಟ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ. ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ಸಾಮಾನ್ಯ ಶಿಕ್ಷಣದ ವಿಷಯಗಳಿಗೆ, ಅಂದರೆ ಇಂಗ್ಲಿಷ್ ಬರವಣಿಗೆ, ಇತಿಹಾಸ, ಕಲೆ, ಸಮಾಜ ವಿಜ್ಞಾನ ಇತ್ಯಾದಿಗಳಿಗೆ, ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕ್ಯಾಲ್-ಗೆಟ್ಸಿ ಎಂಬ ಒಂದೇ ಮಾದರಿ ಜಾರಿಗೆ ಬಂದಿದ್ದು, ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳು ಅದನ್ನು ಒಪ್ಪುತ್ತವೆ. ಇದು ಸ್ವಾಗತಾರ್ಹ ಸುಧಾರಣೆ. ಆದರೆ ಈ ಪಟ್ಟಿಯನ್ನು ಪೂರ್ತಿ ಮುಗಿಸಿದರೆ ವರ್ಗಾವಣೆಗೆ ಸಿದ್ಧರಾದಂತೆ ಎಂದು ಭಾವಿಸಿ, ಮೊದಲ ವರ್ಷವೆಲ್ಲ ಸಾಮಾನ್ಯ ವಿಷಯಗಳಲ್ಲೇ ಕಳೆದು, ಗಣಿತ ಮತ್ತು ಭೌತಶಾಸ್ತ್ರವನ್ನು ಎರಡನೇ ವರ್ಷಕ್ಕೆ ಮುಂದೂಡುವ ಎಂಜಿನಿಯರಿಂಗ್ ಆಕಾಂಕ್ಷಿ ಸಿಕ್ಕಿಬೀಳುತ್ತಾನೆ. ಕ್ಯಾಲ್ಕುಲಸ್ಸಿನ ಒಂದು ಹಂತ ಮುಗಿಯದೆ ಭೌತಶಾಸ್ತ್ರದ ತರಗತಿಗೆ ಪ್ರವೇಶವಿಲ್ಲ, ಪ್ರೋಗ್ರಾಮಿಂಗ್ ಮೊದಲ ಕೋರ್ಸು ಮುಗಿಯದೆ ಡೇಟಾ ಸ್ಟ್ರಕ್ಚರ್ಸ್‌ಗೆ ಪ್ರವೇಶವಿಲ್ಲ. ಈ ಸರಪಳಿಯನ್ನು ಒಂದೇ ವರ್ಷದಲ್ಲಿ ಮುಗಿಸಲು ಯಾರಿಂದಲೂ ಆಗದು. ಇಂಥ ಮೇಜರ್‌ಗಳಿಗೆ ಸೇರುವವರು ಮೇಜರ್‌ನ ಸಿದ್ಧತಾ ವಿಷಯಗಳಿಗೇ ಮೊದಲ ಗಮನ ಕೊಡಬೇಕೆಂಬುದು ಇಲ್ಲಿನ ಅನುಭವಿ ಕೌನ್ಸೆಲರ್‌ಗಳೆಲ್ಲ ಹೇಳುವ ಮಾತು.

ಸೆಮಿಸ್ಟರ್ ಮತ್ತು ಕ್ವಾರ್ಟರ್‌ಗಳ ವ್ಯತ್ಯಾಸವನ್ನೂ ಹೇಳಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ಶೈಕ್ಷಣಿಕ ವರ್ಷಕ್ಕೆ ಎರಡು ಮುಖ್ಯ ಅವಧಿ, ಕ್ವಾರ್ಟರ್ ಪದ್ಧತಿಯಲ್ಲಿ ಮೂರು. ಮೂರನೇ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಬೇಕು, ಅಂದರೆ ಕ್ವಾರ್ಟರ್ ಪದ್ಧತಿಯ ಐದು ಯೂನಿಟ್ಟಿನ ಕೋರ್ಸು ಸೆಮಿಸ್ಟರ್ ಲೆಕ್ಕದಲ್ಲಿ ಮೂರೂವರೆ ಯೂನಿಟ್ಟೂ ಆಗುವುದಿಲ್ಲ. ಕನ್ನಡಿಗರು ಹೆಚ್ಚಾಗಿರುವ ಕ್ಯುಪರ್ಟಿನೊದ ಡಿ ಆನ್ಜಾ ಕಾಲೇಜು ಕ್ವಾರ್ಟರ್ ಪದ್ಧತಿಯದು, ಹತ್ತಿರದಲ್ಲೇ ಇರುವ ಸ್ಯಾನ್ ಹೊಸೆ ಸ್ಟೇಟ್ ಸೆಮಿಸ್ಟರ್ ಪದ್ಧತಿಯದು. ಕ್ವಾರ್ಟರ್ ಕಾಲೇಜಿನಲ್ಲಿ ನಾಲ್ಕು ಭಾಗಗಳಾಗಿ ಹರಡಿರುವ ಕ್ಯಾಲ್ಕುಲಸ್ ಸರಣಿಯನ್ನು ಎರಡು ಭಾಗಕ್ಕೆ ನಿಲ್ಲಿಸಿ ಬೇರೆ ಕಡೆ ಹೋದವರಿಗೆ, ಹೊಸ ಕಡೆಯ ಯಾವ ಭಾಗವೂ ಸರಿಯಾಗಿ ಹೊಂದದೆ, ಓದಿದ್ದನ್ನೇ ಮತ್ತೆ ಓದುವ ಪ್ರಸಂಗ ಬರುತ್ತದೆ. ಸರಣಿಯನ್ನು ಎಲ್ಲಿ ಆರಂಭಿಸಿದಿರೋ ಅಲ್ಲಿಯೇ ಮುಗಿಸುವುದು ಕ್ಷೇಮ.

ಖಾತ್ರಿ ಪ್ರವೇಶದ ಬಗ್ಗೆ ಜಾಹೀರಾತುಗಳಲ್ಲಿ ಬರುವ ಮಾತಿಗೂ ಮಿತಿಗಳಿವೆ. 2010ರ ಕಾನೂನಿನಿಂದ ಬಂದ, ಕಮ್ಯೂನಿಟಿ ಕಾಲೇಜು ಕೊಡುವ ಎರಡು ವರ್ಷದ ವರ್ಗಾವಣೆಯ ಅಸೋಸಿಯೇಟ್ ಪದವಿಯನ್ನು ಪಡೆದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ವ್ಯವಸ್ಥೆಯಲ್ಲಿ ಮೂರನೇ ವರ್ಷದ ಸ್ಥಾನ ಖಚಿತ, ಅದೇ ಬಗೆಯ ಮೇಜರ್‌ನಲ್ಲಿ ಮುಂದುವರಿದರೆ ಇನ್ನು 60 ಯೂನಿಟ್‌ಗಳಲ್ಲಿ ಪದವಿ ಮುಗಿಸಲು ಅವಕಾಶವೂ ಉಂಟು. ನಮ್ಮ ಡಿಪ್ಲೊಮಾದವರಿಗಿರುವ ಸವಲತ್ತಿಗೆ ಹತ್ತಿರವಾದದ್ದು ಇದೊಂದೇ. ಆದರೆ ಖಾತ್ರಿಯಿರುವುದು ಆ ವ್ಯವಸ್ಥೆಯ ಯಾವುದಾದರೂ ಕ್ಯಾಂಪಸ್ಸಿಗೆ, ನೀವು ಬಯಸಿದ ಕ್ಯಾಂಪಸ್ಸಿಗಾಗಲಿ ಮೇಜರ್‌ಗಾಗಲಿ ಅಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಟ್ಯಾಗ್ ಎಂಬ ಖಾತ್ರಿಯನ್ನು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್ಸುಗಳು ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಕೊಡುವ ಕ್ಯಾಂಪಸ್ಸುಗಳಲ್ಲಿಯೂ ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕಾಲೇಜಿನಂಥ ವಿಭಾಗಗಳು ಇದರಿಂದ ಹೊರಗಿವೆ, ಮತ್ತು ಟ್ಯಾಗ್ ಅರ್ಜಿಯನ್ನು ಸೇರುವ ವರ್ಷಕ್ಕೆ ಹಿಂದಿನ ಸೆಪ್ಟೆಂಬರ್ ತಿಂಗಳಲ್ಲಿಯೇ ಸಲ್ಲಿಸಿರಬೇಕು. ಸ್ಟ್ಯಾನ್‌ಫರ್ಡ್‌ನಂಥ ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ಖಾತ್ರಿಗಳೂ ಅಸಿಸ್ಟ್ ತಾಣದ ಒಪ್ಪಂದಗಳೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಬೇರೆ ರಾಜ್ಯಗಳ ಕ್ರಮ ಬೇರೆ. ಟೆಕ್ಸಸ್‌ನಲ್ಲಿ 42 ಕ್ರೆಡಿಟ್‌ಗಳ ಕೋರ್ ಪಠ್ಯಕ್ರಮವನ್ನು ಒಂದು ಸರ್ಕಾರಿ ಕಾಲೇಜಿನಲ್ಲಿ ಪೂರ್ತಿಗೊಳಿಸಿದರೆ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಅದನ್ನು ಇಡಿಯಾಗಿ ಒಪ್ಪಬೇಕು. ಫ್ಲಾರಿಡಾದಲ್ಲಿ ಎಲ್ಲ ಸರ್ಕಾರಿ ಕಾಲೇಜುಗಳಿಗೂ ಸಮಾನವಾದ ಕೋರ್ಸ್ ಸಂಖ್ಯೆಗಳಿರುವುದರಿಂದ ಹೊಂದಿಕೆ ಸುಲಭ. ಒಂದು ರಾಜ್ಯದಲ್ಲಿ ಓದಿ ಇನ್ನೊಂದು ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಈ ಯಾವ ರಕ್ಷಣೆಯೂ ಇಲ್ಲ.

ಕರ್ನಾಟಕದಲ್ಲಿ ಬಿ.ಇ. ಅಥವಾ ಬಿ.ಎಸ್ಸಿ. ಒಂದು ವರ್ಷ ಓದಿ, ಅದನ್ನು ಬಿಟ್ಟು ಅಮೆರಿಕದ ಕಮ್ಯೂನಿಟಿ ಕಾಲೇಜಿಗೆ ಬರುವವರೂ ಇದ್ದಾರೆ. ಇವರು ತಮ್ಮ ಅಂಕಪಟ್ಟಿಯನ್ನು ಮೌಲ್ಯಮಾಪನ ಸಂಸ್ಥೆಯೊಂದರಿಂದ ಪರಿಶೀಲಿಸಿ ತರಬೇಕಾಗುತ್ತದೆ, ಅಷ್ಟಾದರೂ ಅಂಕಪಟ್ಟಿಯಲ್ಲಿ 'ಎಂಜಿನಿಯರಿಂಗ್ ಗಣಿತ 1' ಎಂದಷ್ಟೇ ಇದ್ದರೆ ಒಳಗೆ ಏನು ಕಲಿಸಿದರು ಎಂಬುದು ಇಲ್ಲಿನ ವಿಭಾಗಕ್ಕೆ ತಿಳಿಯುವುದಿಲ್ಲ. ವಿಶ್ವವಿದ್ಯಾಲಯ ಪ್ರಕಟಿಸಿದ ಆಯಾ ವರ್ಷದ ವಿವರವಾದ ಪಠ್ಯಕ್ರಮವನ್ನು, ಪಾಠದ ಗಂಟೆಗಳು ಮತ್ತು ಪಠ್ಯಪುಸ್ತಕಗಳ ಹೆಸರಿನ ಸಮೇತ, ಸಾಧ್ಯವಾದರೆ ಕಾಲೇಜಿನ ಮುದ್ರೆ ಹಾಕಿಸಿ ಜೊತೆಗೆ ತರುವುದು ಒಳ್ಳೆಯದು. ಊರು ಬಿಟ್ಟಮೇಲೆ ಇದನ್ನು ತರಿಸಿಕೊಳ್ಳುವ ಪ್ರಯಾಸ ಅನುಭವಿಸಿದವರಿಗೇ ಗೊತ್ತು.

ಖರ್ಚಿನ ವಿಚಾರಕ್ಕೆ ಬಂದರೆ, ಕ್ಯಾಲಿಫೋರ್ನಿಯಾದಲ್ಲಿ ಯೂನಿಟ್ಟಿಗೆ 46 ಡಾಲರ್ ಎಂಬ ಮಾತು ರಾಜ್ಯದ ನಿವಾಸಿಗಳಿಗೆ ಸಂಬಂಧಿಸಿದ್ದು. ವಿದ್ಯಾರ್ಥಿ ವೀಸಾದಲ್ಲಿ ಬರುವವರು ಅದರ ಹಲವು ಪಟ್ಟು ಕೊಡಬೇಕು. ಎಫ್-1 ಎಂಬ ಈ ವೀಸಾದವರು ಪ್ರತಿ ಅವಧಿಯಲ್ಲೂ ಸಾಮಾನ್ಯವಾಗಿ ಕನಿಷ್ಠ 12 ಯೂನಿಟ್ ಓದುತ್ತಿರಬೇಕು, ಅದರಲ್ಲಿ ಆನ್‌ಲೈನ್ ತರಗತಿ ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ, ಮೊದಲ ವರ್ಷ ಕ್ಯಾಂಪಸ್ಸಿನ ಹೊರಗೆ ದುಡಿಯುವಂತಿಲ್ಲ. ಹೀಗಾಗಿ ಲೆಕ್ಕಕ್ಕೆ ಬಾರದ ಪ್ರತಿಯೊಂದು ಕೋರ್ಸಿನ ಭಾರವೂ ಊರಿನಲ್ಲಿ ಸಾಲ ಮಾಡಿದ ಪೋಷಕರ ಹೆಗಲಿಗೇ ಬೀಳುತ್ತದೆ. ಅಮೆರಿಕದಲ್ಲಿಯೇ ನೆಲೆಸಿರುವ ಕನ್ನಡ ಕುಟುಂಬಗಳೂ ಈ ಮಾತಿಗೆ ಹೊರತಲ್ಲ. ತಂದೆ ಅಥವಾ ತಾಯಿಯ ಎಚ್-1ಬಿ ಉದ್ಯೋಗ ವೀಸಾದ ಆಸರೆಯಲ್ಲಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಮಕ್ಕಳು 21 ತುಂಬಿದೊಡನೆ ಆ ಆಸರೆ ಕಳೆದುಕೊಂಡು ಬೇರೆ ವೀಸಾ ಮಾಡಿಸಿಕೊಳ್ಳಬೇಕಾಗುತ್ತದೆ. ಅಂಥವರಿಗೆ ವ್ಯರ್ಥವಾದ ಒಂದು ಸೆಮಿಸ್ಟರ್ ಎಂದರೆ ಹಣದ ಪ್ರಶ್ನೆಯಷ್ಟೇ ಅಲ್ಲ.

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಿಗೂ ಇದರಲ್ಲಿ ಕಲಿಯಬೇಕಾದದ್ದಿದೆ ಎಂದು ನಾನು ನಂಬಿದ್ದೇನೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2021ರಲ್ಲಿ, ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಜಮೆ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ನಿಯಮಗಳನ್ನು ತಂದಿತು. ಅದೇ ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಆರಂಭಿಸಿದ ಕರ್ನಾಟಕ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ವರ್ಷಗಳ ಸಂಖ್ಯೆಯ ಬಗ್ಗೆ ನಡೆದ ಚರ್ಚೆಯ ಅಬ್ಬರದಲ್ಲಿ, ಮೈಸೂರಿನಲ್ಲಿ ಓದಿದ ವಿಷಯ ಧಾರವಾಡದಲ್ಲಿ ಯಾವುದಕ್ಕೆ ಸಮ ಎಂಬ ಪ್ರಶ್ನೆ ಹಿಂದೆ ಸರಿದುಬಿಟ್ಟಿತು. ಖಾತೆಯಲ್ಲಿ ಕ್ರೆಡಿಟ್ ಜಮೆಯಾದ ಮಾತ್ರಕ್ಕೆ ಅದು ಇನ್ನೊಂದೆಡೆಯ ಪದವಿಗೆ ಸಲ್ಲುವುದಿಲ್ಲ. ಸಲ್ಲಬೇಕಾದರೆ ಅಸಿಸ್ಟ್‌ನಂಥ ಒಂದು ಸಮಾನತೆಯ ಪಟ್ಟಿಯನ್ನು ವಿಶ್ವವಿದ್ಯಾಲಯಗಳು ಕೂಡಿ ಸಿದ್ಧಪಡಿಸಿ, ವಿದ್ಯಾರ್ಥಿ ಸೇರುವ ಮುಂಚೆಯೇ ಕಾಣುವಂತೆ ಕನ್ನಡದಲ್ಲಿಯೂ ಪ್ರಕಟಿಸಬೇಕು.

ತಮ್ಮ ಪತ್ರಿಕೆಗೆ ನನ್ನ ವಿನಂತಿ ಇಷ್ಟೇ. ವಿದೇಶ ವ್ಯಾಸಂಗದ ಪುಟಗಳಲ್ಲಿ ಕಮ್ಯೂನಿಟಿ ಕಾಲೇಜಿನ ಬಗ್ಗೆ ಬರೆಯುವಾಗ ವರ್ಗಾವಣೆಯ ಈ ವಿವರಗಳನ್ನೂ ಬರೆಯಿರಿ. ಸಲಹಾ ಸಂಸ್ಥೆಗಳ ಬಳಿಗೆ ಹೋಗುವ ಪೋಷಕರು, ಯಾವ ಕಾಲೇಜು, ಯಾವ ಮೇಜರ್, ಮುಂದೆ ಯಾವ ಎರಡು ಮೂರು ಕ್ಯಾಂಪಸ್ಸುಗಳು, ಅವಕ್ಕೆ ಹೊಂದುವ ಕೋರ್ಸುಗಳು ಯಾವುವು ಎಂಬುದನ್ನು ಲಿಖಿತವಾಗಿ ಕೇಳಲಿ. ಕೊಡಲಾರದವರಿಗೆ ಶುಲ್ಕ ಕೊಡುವ ಅಗತ್ಯವಿಲ್ಲ. ಅಮೆರಿಕಕ್ಕೆ ತಲುಪಿದ ವಿದ್ಯಾರ್ಥಿಗಳು ಮೊದಲ ಅವಧಿಯಲ್ಲಿಯೇ ಕಾಲೇಜಿನ ವರ್ಗಾವಣೆ ಕೌನ್ಸೆಲರ್ ಜೊತೆ ಕುಳಿತು ಪೂರ್ತಿ ಎರಡು ವರ್ಷದ ಯೋಜನೆ ಹಾಕಿಕೊಳ್ಳಲಿ, ಆ ಸೇವೆಗೆ ಬೇರೆ ಹಣ ಕೊಡಬೇಕಿಲ್ಲ. ಪ್ರತಿ ತರಗತಿಯ ಮೊದಲ ದಿನ ಅಧ್ಯಾಪಕರು ಕೊಡುವ ಸಿಲಬಸ್ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಲಿ. ಈಗಾಗಲೇ ಕ್ರೆಡಿಟ್ ತಿರಸ್ಕೃತವಾಗಿರುವವರೂ ಧೈರ್ಯಗೆಡಬೇಕಾಗಿಲ್ಲ: ಮೌಲ್ಯಮಾಪನದ ಮೊದಲ ಫಲಿತಾಂಶವೇ ಎಲ್ಲ ಕಡೆಯೂ ಅಂತಿಮವಲ್ಲ, ಸಿಲಬಸ್, ಹೋಮ್‌ವರ್ಕ್‌ನ ಮಾದರಿ ಮತ್ತು ಪಠ್ಯಪುಸ್ತಕದ ವಿವರಗಳೊಂದಿಗೆ ವಿಭಾಗಕ್ಕೆ ಮರುಪರಿಶೀಲನೆಯ ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಅದನ್ನು ಸೇರಿದ ಮೊದಲ ಅವಧಿಯಲ್ಲಿಯೇ ಮಾಡುವುದು ಒಳಿತು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಗಣಿತ ಅಧ್ಯಾಪಕ
ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ